ಪ್ರಾಸ್ಟೇಟ್ ಆಪರೇಷನ್ನಿನ ನಂತರ ಮೂತ್ರ ಸೋರುತ್ತದೆಂದು ಮೊದಲೇ ಹೇಳಿ: ಮೂರು ಜಿಲ್ಲೆಗಳ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಇವರಿಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಜಿಲ್ಲಾ ಶಸ್ತ್ರಚಿಕಿತ್ಸಕರು ಹಾಗೂ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆ ಮಾಡುವ ಎಲ್ಲ ಆಸ್ಪತ್ರೆಗಳ ಮುಖ್ಯಸ್ಥರು,
ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳು

ವಿಷಯ: ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಗೂ ಮನೆಯವರಿಗೂ ಮೂತ್ರ ಸೋರಿಕೆಯ ಬಗ್ಗೆ ತಿಳಿವಳಿಕೆ, ತರಬೇತಿ ಮತ್ತು ಸಾಮಗ್ರಿ ಒದಗಿಸುವ ಕುರಿತು

ಮಾನ್ಯರೇ,

ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಆಪರೇಷನ್ ಮುಗಿಸಿ ಮನೆಗೆ ಬಂದವರ ಆರೈಕೆ ನೋಡುವ ನರ್ಸುಗಳು ಮತ್ತು ಫಿಸಿಯೋಥೆರಪಿಸ್ಟರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಸರ್ಜನರ ಕೈಗುಣದ ಬಗ್ಗೆ ನಮ್ಮ ತಕರಾರಿಲ್ಲ. ಆಪರೇಷನ್ನಿಗೆ ಮುಂಚೆ ಆಡಬೇಕಾದ ಮಾತು ಆಡದೇ ಉಳಿಯುತ್ತಿದೆ ಎಂಬುದೇ ನಮ್ಮ ತಕರಾರು.

ಸಿಂಧನೂರು, ಮಾನ್ವಿ, ಗಂಗಾವತಿ, ಕುಷ್ಟಗಿ, ಸಿರುಗುಪ್ಪ, ಯಾವ ತಾಲ್ಲೂಕಿನ ಮನೆಗೆ ಹೋದರೂ ಕಾಣುವುದು ಒಂದೇ. ಮೂತ್ರ ಹೊರಹೋಗಲು ಹಾಕಿದ್ದ ಪೈಪು ತೆಗೆದ ದಿನ ಹಿರಿಯರು ಮಂಚದಿಂದೆದ್ದು ನಿಲ್ಲುತ್ತಾರೆ, ನಿಂತ ಕೂಡಲೇ ಅರಿವಿಲ್ಲದೆ ಧೋತರ ಒದ್ದೆಯಾಗುತ್ತದೆ. ಆಪರೇಷನ್ ಕೆಟ್ಟಿತು ಎಂದೇ ಅವರು ತಿಳಿಯುತ್ತಾರೆ. ಸೊಸೆಯಂದಿರ ಮುಂದೆ ಹೇಳಿಕೊಳ್ಳುವಂತಿಲ್ಲ, ಮಗನ ಹತ್ತಿರ ಬಾಯಿ ಬರುವುದಿಲ್ಲ. ಮೊದಲು ನೀರು ಕುಡಿಯುವುದು ಬಿಡುತ್ತಾರೆ, ಆಮೇಲೆ ಕಟ್ಟೆಗೆ ಹೋಗುವುದು, ಆಮೇಲೆ ಗುಡಿಗೆ ಅಥವಾ ಮಸೀದಿಗೆ ಹೋಗುವುದು. ಡಿಸ್ಚಾರ್ಜ್ ಚೀಟಿ ತೆಗೆದು ನೋಡಿದರೆ ಗುಳಿಗೆಗಳ ಹೆಸರಿರುತ್ತದೆ, ಮರಳಿ ಬರಬೇಕಾದ ತಾರೀಖಿರುತ್ತದೆ. ಮೂತ್ರ ಸೋರಬಹುದು, ಇಷ್ಟು ಕಾಲ ಸೋರಬಹುದು, ಆಗ ಹೀಗೆ ಮಾಡಿ ಎಂಬ ಒಂದು ಸಾಲೂ ಇರುವುದಿಲ್ಲ.

ಇದು ಅನಿರೀಕ್ಷಿತವಾಗಿ ಬಂದೆರಗುವ ತೊಡಕಲ್ಲ. ಮೂತ್ರ ತಡೆಹಿಡಿಯಲು ಮೂತ್ರಕೋಶಕ್ಕೆ ಎರಡು ಬಿಗಿತಗಳಿವೆ, ಅಂದರೆ ಬಿಗಿಹಿಡಿಯುವ ಎರಡು ಸ್ನಾಯುಗಳು, ಕಾಲುವೆಗೆ ಒಂದರ ಕೆಳಗೊಂದು ತೂಬು ಇದ್ದ ಹಾಗೆ. ಮೇಲಿನದು ಮೂತ್ರಕೋಶದ ಕುತ್ತಿಗೆಯಲ್ಲಿದ್ದು ತಾನಾಗಿಯೇ ಮುಚ್ಚಿಕೊಂಡಿರುತ್ತದೆ. ಕೆಳಗಿನದು ಪ್ರಾಸ್ಟೇಟಿನ ಕೆಳಗಿದ್ದು ನಮ್ಮ ಹಿಡಿತಕ್ಕೆ ಸಿಗುವಂಥದ್ದು. ಕ್ಯಾನ್ಸರಿಗಾಗಿ ಇಡೀ ಪ್ರಾಸ್ಟೇಟನ್ನೇ ತೆಗೆಯುವಾಗ ಮೇಲಿನ ಬಿಗಿತವೂ ಬಹುಪಾಲು ಹೋಗುತ್ತದೆ. ಅಲ್ಲಿಂದ ಮುಂದೆ ಪೂರ್ತಿ ಭಾರ ಕೆಳಗಿನ ಸ್ನಾಯುವಿನ ಮೇಲೆ ಬೀಳುತ್ತದೆ. ಅದಕ್ಕೆ ಅಷ್ಟು ಹೊತ್ತು ದುಡಿದು ರೂಢಿಯಿಲ್ಲ, ಆಪರೇಷನ್ನಿನ ಪೆಟ್ಟೂ ತಗುಲಿರುತ್ತದೆ. ಆದ್ದರಿಂದ ಮೊದಲ ವಾರಗಳಲ್ಲಿ ಸೋರುವುದೇ ಸಹಜ. ಬಹಳಷ್ಟು ಜನರಲ್ಲಿ 3ರಿಂದ 6 ತಿಂಗಳಲ್ಲಿ ಗಮನಾರ್ಹವಾಗಿ ತಗ್ಗುತ್ತದೆ, 12 ತಿಂಗಳವರೆಗೂ ಸುಧಾರಿಸುತ್ತಲೇ ಇರುತ್ತದೆ. ಸಾಮಾನ್ಯವಾಗಿ ಮೊದಲು ರಾತ್ರಿ ಹಾಸಿಗೆ ಒಣಗುತ್ತದೆ, ನಂತರ ಬೆಳಗಿನ ಹೊತ್ತು, ಕಟ್ಟಕಡೆಗೆ ಸಂಜೆ. ದಿನವಿಡೀ ದುಡಿದ ಸ್ನಾಯು ಸಂಜೆಗೆ ದಣಿದಿರುತ್ತದೆ, ಅಷ್ಟೇ. ಇದು ಗೊತ್ತಿಲ್ಲದವರು ಸಂಜೆ ಸೋರಿದರೆ ಮತ್ತೆ ರೋಗ ಮರುಕಳಿಸಿತೆಂದು ಹೆದರುತ್ತಾರೆ.

ವಯಸ್ಸಿಗೆ ಬೆಳೆದ ಪ್ರಾಸ್ಟೇಟನ್ನು ಮೂತ್ರನಾಳದ ದಾರಿಯಲ್ಲೇ ಉಪಕರಣ ತೂರಿಸಿ ಕೆರೆದು ತೆಗೆಯುವ ಟಿಯುಆರ್‌ಪಿ ಬೇರೆ. ಅದರಲ್ಲಿ ಕೆಳಗಿನ ಸ್ನಾಯುವಿಗೆ ಕಾಯಂ ಪೆಟ್ಟು ಬೀಳುವುದು ಅಪರೂಪ. ಆದರೆ ನಾಲ್ಕಾರು ವಾರ ಉರಿ, ಪದೇಪದೇ ಹೋಗಬೇಕೆನಿಸುವುದು, ಬಚ್ಚಲಿಗೆ ಮುಟ್ಟುವುದರೊಳಗೇ ಆಗಿಬಿಡುವುದು ಇರುತ್ತದೆ. ಎರಡೂ ಆಪರೇಷನ್ನಿನವರಿಗೆ ಒಂದೇ ಮಾತು ಹೇಳಿ ಕಳಿಸಿದರೆ ಒಬ್ಬರು ವಿನಾಕಾರಣ ಹೆದರುತ್ತಾರೆ, ಇನ್ನೊಬ್ಬರು ತಯಾರಿಲ್ಲದೆ ಸಿಕ್ಕಿಬೀಳುತ್ತಾರೆ. ಆದ್ದರಿಂದ ನಮ್ಮ ಮೊದಲ ಕೋರಿಕೆ: ಒಪ್ಪಿಗೆ ಪತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಳ್ಳುವಾಗಲೇ, ಹೆಂಡತಿಯನ್ನೋ ಮಗನನ್ನೋ ಪಕ್ಕದಲ್ಲಿ ಕೂಡಿಸಿಕೊಂಡು, ಯಾವ ಆಪರೇಷನ್, ಅದರಿಂದ ಎಂಥ ಸೋರಿಕೆ, ಎಷ್ಟು ಕಾಲ ಎಂದು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ, ಒಂದು ಹಾಳೆಯಲ್ಲಿ ಬರೆದೂ ಕೊಡಿ. ಓದು ಬಾರದವರಿಗೆ ಹೇಳಿದ್ದನ್ನೇ ಮರಳಿ ಅವರ ಬಾಯಿಂದ ಕೇಳಿ.

ವ್ಯಾಯಾಮದ ವಿಷಯದಲ್ಲಿ ಆಗುತ್ತಿರುವುದು ಇನ್ನೂ ಬೇಸರದ ಸಂಗತಿ. ಸೋರಿಕೆ ಶುರುವಾಗಿ ತಿಂಗಳು ಕಳೆದ ಮೇಲೆ ಯಾರೋ ಒಬ್ಬರು ಕೀಗಲ್ ಮಾಡಿ ಎಂದು ಬರೆದುಕೊಡುತ್ತಾರೆ. ಆ ಶಬ್ದದಿಂದ ಮಾನ್ವಿಯ ರೈತರಿಗೆ ಏನು ತಿಳಿಯಬೇಕು? ನಾಲ್ಕು ಜನರ ನಡುವೆ ಕೂತಾಗ ಗಾಳಿ ಹೋಗದಂತೆ ಬಿಗಿಹಿಡಿಯುತ್ತೇವಲ್ಲ, ಆ ಸ್ನಾಯು ಇದು ಎಂದರೆ ಥಟ್ಟನೆ ತಿಳಿಯುತ್ತದೆ. ಸರಿಯಾಗಿ ಬಿಗಿಹಿಡಿದರೆ ಶಿಶ್ನದ ಬುಡ ತುಸು ಒಳಸರಿಯುತ್ತದೆ, ವೃಷಣಗಳು ಸ್ವಲ್ಪ ಮೇಲೇಳುತ್ತವೆ. ಕನ್ನಡಿಯಲ್ಲಿ ತಾವೇ ನೋಡಿಕೊಳ್ಳಬಹುದು. ಹೊಟ್ಟೆ, ತೊಡೆ, ಕುಂಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಅತಿ ಸಾಮಾನ್ಯ ತಪ್ಪೆಂದರೆ ಮೇಲಕ್ಕೆ ಎಳೆದುಕೊಳ್ಳುವ ಬದಲು ಸಂಡಾಸಿಗೆ ಕೂತಂತೆ ಮುಕ್ಕುವುದು. ಮುಕ್ಕಿದರೆ ಸೋರಿಕೆ ಹೆಚ್ಚಾಗುತ್ತದೆಯೇ ಹೊರತು ತಗ್ಗುವುದಿಲ್ಲ. ಕಾಗದದ ಮೇಲೆ ಬರೆದುಕೊಟ್ಟರೆ ಈ ತಪ್ಪು ಗೊತ್ತೇ ಆಗುವುದಿಲ್ಲ, ಎದುರಿಗೆ ಮಾಡಿಸಿ ನೋಡಿದಾಗ ಮಾತ್ರ ಗೊತ್ತಾಗುತ್ತದೆ. ಹರಿಯುತ್ತಿರುವ ಮೂತ್ರವನ್ನು ನಡುವೆ ತಡೆಯುವುದು ಸ್ನಾಯು ಯಾವುದೆಂದು ಗುರುತಿಸಲು ಒಂದು ಸಲ ಸಾಕು. ಅದನ್ನೇ ದಿನನಿತ್ಯದ ಅಭ್ಯಾಸ ಮಾಡಿಕೊಂಡರೆ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿದು ಸೋಂಕಿಗೆ ದಾರಿಯಾಗುತ್ತದೆ.

ಅಳತೆ ಹೀಗೆ: 3ರಿಂದ 5 ಸೆಕೆಂಡು ಬಿಗಿಹಿಡಿಯುವುದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡುವುದು, ಹೀಗೆ 10 ಸಲ. ನಂತರ ಚಕಚಕನೆ ಬಿಗಿದು ಬಿಡುವುದು 10 ಸಲ. ದಿನಕ್ಕೆ ಮೂರು ಹೊತ್ತು, ಮೊದಲು ಮಲಗಿ, ರೂಢಿಯಾದಂತೆ ಕೂತು, ನಿಂತು. ಕೆಲ ವಾರಗಳಲ್ಲಿ ಹಿಡಿತ 10 ಸೆಕೆಂಡಿಗೆ ಏರಬೇಕು. ಬೇಗ ಗುಣವಾಗಲೆಂದು ದಿನಕ್ಕೆ ನೂರಾರು ಸಲ ಮಾಡಿದರೆ ಸ್ನಾಯು ದಣಿದು ಸಂಜೆಗೆ ಇನ್ನಷ್ಟು ಸೋರುತ್ತದೆ. ಪೈಪು ಇರುವಷ್ಟು ದಿನ ಈ ವ್ಯಾಯಾಮ ಮಾಡಬಾರದು. ಅದಕ್ಕೇ ಆಪರೇಷನ್ನಿಗೆ ಮೂರು ನಾಲ್ಕು ವಾರ ಮುಂಚೆ ಕಲಿಸಿಬಿಡಬೇಕು ಎನ್ನುತ್ತಿದ್ದೇವೆ. ನೋವು, ಹೆದರಿಕೆ, ಒದ್ದೆ ಇವುಗಳ ನಡುವೆ ಹೊಸ ಸ್ನಾಯುವನ್ನು ಹುಡುಕುವುದು ಯಾರಿಗೂ ಕಷ್ಟ.

ಇದರ ಜೊತೆಗೆ ಕಲಿಸಬೇಕಾದ ಇನ್ನೊಂದು ಸಣ್ಣ ಉಪಾಯವಿದೆ. ಕೆಮ್ಮುವ, ಸೀನುವ, ನೆಲದಿಂದ ಏಳುವ, ಬಸ್ಸಿನಿಂದ ಇಳಿಯುವ ಮುನ್ನ ಒಂದು ಕ್ಷಣ ಸ್ನಾಯು ಬಿಗಿಹಿಡಿಯುವುದು. ನಮ್ಮ ಕಡೆ ಊಟ, ಮಾತು, ಪೂಜೆ, ನಮಾಜು ಎಲ್ಲ ನೆಲದ ಮೇಲೆಯೇ. ಚಕ್ಕಳಮಕ್ಕಳ ಹಾಕಿ ಕೂತವರು ಒಮ್ಮೆಲೇ ಏಳುವಾಗ ಹೊಟ್ಟೆಯ ಒತ್ತಡವೆಲ್ಲ ಕೆಳಗೆ ಬೀಳುತ್ತದೆ, ಆಗಲೇ ಸೋರುವುದು. ಪಕ್ಕಕ್ಕೆ ತಿರುಗಿ, ಒಂದು ಮೊಣಕಾಲು ಊರಿ, ಬಿಗಿಹಿಡಿದು, ಉಸಿರು ಬಿಡುತ್ತಾ ಎದ್ದರೆ ಎಷ್ಟೋ ವಾಸಿ. ಆರು ವಾರ 5 ಕಿಲೋಗಿಂತ ಹೆಚ್ಚು ಎತ್ತಬಾರದು. ಭತ್ತದ ಚೀಲಕ್ಕೆ ಹೆಗಲು ಕೊಡುವುದಂತೂ ಸಲ್ಲದು. ಸೈಕಲ್ಲು, ಮೋಟಾರ್ ಬೈಕು ಸಹ ಅಷ್ಟೇ ಕಾಲ ಬೇಡ.

ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿಸ್ಟರಿಗೆ ಒಬ್ಬೊಬ್ಬರ ಜೊತೆ ಅರ್ಧ ತಾಸು ಸಾಕು. ಆಪರೇಷನ್ನಿನ ತಾರೀಖು ಕೊಟ್ಟ ದಿನವೇ ಅವರ ಕೋಣೆಗೆ ಕಳಿಸುವಂತೆ ಒಂದು ಸುತ್ತೋಲೆ ಹೊರಡಿಸಿ. ಇದಕ್ಕೆ ಹೊಸ ಯಂತ್ರ, ಹೊಸ ಕಟ್ಟಡ ಯಾವುದೂ ಬೇಡ.

ಪೈಪಿನ ದಿನಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇವೆ. ಟಿಯುಆರ್‌ಪಿ ಆದವರಿಗೆ ಅದು ಸಾಮಾನ್ಯವಾಗಿ ಒಂದೆರಡು ದಿನ, ಪ್ರಾಸ್ಟೇಟ್ ಪೂರ್ತಿ ತೆಗೆದವರಿಗೆ 7ರಿಂದ 14 ದಿನ. ಮೂತ್ರ ತುಂಬುವ ಚೀಲ ಯಾವಾಗಲೂ ಹೊಟ್ಟೆಗಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಪೈಪು ತೊಡೆಗೆ ಅಂಟಿಸಿರಬೇಕು. ಎರಡು ಮೂರು ತಾಸು ಚೀಲಕ್ಕೆ ಹನಿಯೂ ಬೀಳದಿದ್ದರೆ ಮಡಚಿದೆಯೇ ನೋಡಿ, ಇಲ್ಲವಾದರೆ ಆಸ್ಪತ್ರೆಗೆ ಬರಬೇಕು. ಒಳತುದಿಯಲ್ಲಿ ನೀರು ತುಂಬಿದ ಬಲೂನು ಇರುವುದರಿಂದ ಎಳೆದರೆ ರಕ್ತ ಬರುತ್ತದೆ. ಪ್ರಾಸ್ಟೇಟ್ ಪೂರ್ತಿ ತೆಗೆದವರಲ್ಲಿ ಪೈಪು ತಾನಾಗಿ ಜಾರಿ ಬಂದರೆ ಊರಿನ ಕಾಂಪೌಂಡರ್ ಕೈಯಲ್ಲಿ ಮರಳಿ ಹಾಕಿಸಬಾರದು. ಮೂತ್ರಕೋಶವನ್ನೂ ಮೂತ್ರನಾಳವನ್ನೂ ಜೋಡಿಸಿ ಹೊಲಿದ ಜಾಗ ಅಲ್ಲಿದೆ, ಅದು ಹರಿದರೆ ಮುಂದಿನ ತೊಂದರೆ ದೊಡ್ಡದು. ಈ ಒಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ ಚೀಲಕ್ಕೇ ಅಂಟಿಸಿ ಕಳಿಸಬೇಕೆಂದು ಕೇಳುತ್ತೇವೆ.

ಪೈಪು ತೆಗೆಯುವುದನ್ನು ಬೆಳಿಗ್ಗೆಯೇ ಮಾಡಿ. ಆ ಮನುಷ್ಯ ಎರಡು ಮೂರು ಸಲ ಮೂತ್ರಕ್ಕೆ ಹೋಗಿ, ಒಳಗೆ ಎಷ್ಟು ಉಳಿದಿದೆ ಎಂದು ಸ್ಕ್ಯಾನಿನಲ್ಲಿ ನೋಡಿ ಆಮೇಲೆ ಕಳಿಸಿ. ಮಧ್ಯಾಹ್ನ ತೆಗೆದು ಸಂಜೆ ಬಸ್ಸಿಗೆ ಹತ್ತಿಸಿದರೆ ರಾತ್ರಿ ಲಿಂಗಸುಗೂರಿನ ಹಳ್ಳಿಯಲ್ಲಿ ಮೂತ್ರ ಕಟ್ಟಿ ನರಳುವವರನ್ನು ಯಾರು ನೋಡಬೇಕು?

ಇನ್ನು ಪ್ಯಾಡಿನ ಮಾತು. ಇಲ್ಲಿ ಜನ ಅತಿಹೆಚ್ಚು ದುಡ್ಡು ಕಳೆದುಕೊಳ್ಳುತ್ತಿದ್ದಾರೆ, ಚರ್ಮವನ್ನೂ ಕೆಡಿಸಿಕೊಳ್ಳುತ್ತಿದ್ದಾರೆ. ಮೆಡಿಕಲ್ ಅಂಗಡಿಗೆ ಹೋಗಿ ಮೆಲ್ಲಗೆ ಕೇಳಿದರೆ ಕೊಡುವುದು ಎರಡೂ ಬದಿಗೆ ಅಂಟುಪಟ್ಟಿ ಇರುವ ದೊಡ್ಡ ಡೈಪರ್. ಅದು ಹಾಸಿಗೆ ಹಿಡಿದವರಿಗೆ ಇನ್ನೊಬ್ಬರು ತೊಡಿಸಲೆಂದು ಮಾಡಿದ್ದು. ನಡೆದಾಡುವವರಿಗೆ ಮೊದಲ ವಾರಗಳಲ್ಲಿ ಚಡ್ಡಿಯಂತೆ ಎಳೆದು ಹಾಕುವ ಪುಲ್‌ಅಪ್, ಸೋರಿಕೆ ತಗ್ಗಿದ ಮೇಲೆ ಚಡ್ಡಿಯೊಳಗೆ ಅಂಟಿಸುವ ಗಂಡಸರ ಪ್ಯಾಡ್ ಸರಿ. ಹೆಂಗಸರ ಮುಟ್ಟಿನ ಪ್ಯಾಡ್ ಕೆಲಸಕ್ಕೆ ಬಾರದು. ಅದು ನಿಧಾನವಾಗಿ ಬರುವ ರಕ್ತಕ್ಕೆಂದು ಮಾಡಿದ್ದು, ಒಮ್ಮೆಲೇ ಬರುವ ಮೂತ್ರವನ್ನು ಹೀರುವ ಮೊದಲೇ ಪಕ್ಕಕ್ಕೆ ಹರಿಯಬಿಡುತ್ತದೆ. ಒಂದರ ಮೇಲೊಂದು ಎರಡು ಡೈಪರ್ ಹಾಕಿಕೊಳ್ಳುವವರೂ ಇದ್ದಾರೆ. ಒಳಗಿನದರ ಹಿಂಬದಿಗೆ ನೀರು ದಾಟದ ಪ್ಲಾಸ್ಟಿಕ್ ಪದರ ಇರುತ್ತದೆ. ಹಾಗಾಗಿ ಹೊರಗಿನದು ಒಣಗಿಯೇ ಉಳಿಯುತ್ತದೆ, ಮೂತ್ರ ತೊಡೆಯ ಸಂದಿಯಿಂದ ಹೊರಬರುತ್ತದೆ, ಎರಡರ ದುಡ್ಡೂ ವ್ಯರ್ಥ.

ನಮ್ಮ ಭಾಗಕ್ಕೇ ಸೇರಿದ ಒಂದು ತೊಡಕನ್ನು ಯಾವ ಕಂಪನಿಯ ಚೀಟಿಯೂ ಹೇಳುವುದಿಲ್ಲ. ಹಿರಿಯರು ಧೋತರದೊಳಗೆ ಹಾಕುವುದು ಸಡಿಲವಾದ ಪಟ್ಟಾಪಟ್ಟಿ ಚಡ್ಡಿ. ಅದರಲ್ಲಿ ಪ್ಯಾಡ್ ನಿಲ್ಲುವುದಿಲ್ಲ, ನಾಲ್ಕು ಹೆಜ್ಜೆಗೆ ಜಾರುತ್ತದೆ. ಮೈಗೆ ಅಂಟಿ ಕೂರುವ ಹತ್ತಿಯ ಬ್ರೀಫ್ ನಾಲ್ಕೈದು ಬೇಕು. ಪ್ಯಾಡಿನ ದಪ್ಪ ಭಾಗ ಮುಂದಕ್ಕೆ ಬರಬೇಕು, ಶಿಶ್ನ ಕೆಳಮುಖವಾಗಿರಬೇಕು. ಮೇಲ್ಮುಖವಾಗಿದ್ದರೆ ಮೂತ್ರ ಸೊಂಟದ ಪಟ್ಟಿಯಿಂದ ಉಕ್ಕುತ್ತದೆ. ಇಷ್ಟನ್ನು ಪೈಪು ತೆಗೆಯುವ ದಿನ ವಾರ್ಡಿನ ಬ್ರದರ್ ಒಬ್ಬರು ತೋರಿಸಿಕೊಟ್ಟರೆ ಮನೆಗೆ ಹೋಗುವ ದಾರಿಯ ಅವಮಾನ ತಪ್ಪುತ್ತದೆ.

ಕೊಳ್ಳಲು ಆಗದವರಿಗೆ ಹಳೆಯ ಹತ್ತಿ ಪಂಚೆಯ ನಾಲ್ಕೈದು ಮಡಿಕೆಯ ಬಟ್ಟೆ ನಡೆಯುತ್ತದೆ. ಆದರೆ ಒದ್ದೆಯಾದ ಕೂಡಲೇ ಬದಲಿಸಬೇಕು, ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿದರೆ ರಾಯಚೂರಿನ ಬೇಸಿಗೆಯಲ್ಲಿ ಮೈ ಬೆಂದುಹೋಗುತ್ತದೆ. ರಾತ್ರಿ ಕೌದಿಯ ಮೇಲೆ ರಬ್ಬರ್ ಶೀಟು, ಅದರ ಮೇಲೆ ಹತ್ತಿಯ ಬಟ್ಟೆ ಹಾಸಬೇಕು. ಕೌದಿ ಒಮ್ಮೆ ನೆನೆದರೆ ಒಗೆಯುವ, ಒಣಗಿಸುವ ಕೆಲಸ ಮನೆಯ ಹೆಂಗಸರ ಮೇಲೆ ಬೀಳುತ್ತದೆ. ಅವರ ಈ ದುಡಿತ ಯಾವ ಲೆಕ್ಕದಲ್ಲೂ ಬರುವುದಿಲ್ಲ, ಅದನ್ನೂ ನಿಮ್ಮ ಗಮನಕ್ಕೆ ತರಬಯಸುತ್ತೇವೆ.

ಪ್ರತಿ ಸಲ ಬದಲಿಸಿದಾಗ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ಝಿಂಕ್ ಆಕ್ಸೈಡ್ ಮುಲಾಮನ್ನು ತೆಳ್ಳಗೆ ಹಚ್ಚಬೇಕು. ದಪ್ಪಗೆ ಬಳಿದರೆ ಮುಲಾಮು ಪ್ಯಾಡಿಗೆ ಮೆತ್ತಿಕೊಂಡು ಅದು ಹೀರುವುದನ್ನೇ ನಿಲ್ಲಿಸುತ್ತದೆ. ಪೌಡರ್ ಮೂತ್ರದಲ್ಲಿ ಕಲಸಿ ಗಂಟಾಗಿ ಚರ್ಮ ಗೀರುತ್ತದೆ. ತೊಡೆಸಂದಿಯಲ್ಲಿ ಅಂಚುಗಟ್ಟಿದ ಕೆಂಪು, ತುರಿಕೆ ಕಂಡರೆ ಅದು ಬಹುಮಟ್ಟಿಗೆ ಶಿಲೀಂಧ್ರ. ಅಂಗಡಿಯವರು ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು ಎರಡು ದಿನ ಹಿತ ಕೊಟ್ಟು ಆಮೇಲೆ ಹಬ್ಬಿಸುತ್ತದೆ.

ಎಷ್ಟು ಸೋರುತ್ತಿದೆ ಎಂಬುದಕ್ಕೆ ವೈದ್ಯರ ಬಳಿ ಇರುವ ಉತ್ತರ ಬರೀ ಅಂದಾಜು, ರೋಗಿಯ ಬಳಿ ಇರುವುದು ಬರೀ ನಾಚಿಕೆ. ಅಡುಗೆಮನೆಯ ತಕ್ಕಡಿ ಇದನ್ನು ಬಗೆಹರಿಸುತ್ತದೆ. ಒಣ ಪ್ಯಾಡಿನ ತೂಕ 40 ಗ್ರಾಂ, ಒದ್ದೆಯದು 190 ಎಂದರೆ 150 ಮಿಲಿ ಸೋರಿದೆ. ಹೀಗೆ 24 ತಾಸಿನ ಎಲ್ಲ ಪ್ಯಾಡ್‌ಗಳನ್ನು ತೂಗಿ ಕೂಡಿಸಬೇಕು. ದಿನಕ್ಕೆ 200 ಗ್ರಾಮಿನೊಳಗೆ ಇದ್ದರೆ ಸಾಮಾನ್ಯವಾಗಿ ಹಗುರ ಎನ್ನುತ್ತಾರೆ, 400 ದಾಟಿದರೆ ತೀವ್ರ. ತಿಂಗಳಿಗೊಮ್ಮೆ ತೂಗಿ ಬರೆದಿಟ್ಟರೆ ಸುಧಾರಣೆ ಕಣ್ಣಿಗೆ ಕಾಣುತ್ತದೆ. ಕುಗ್ಗಿದ ಮನಸ್ಸಿಗೆ ಆ ಅಂಕಿಗಿಂತ ದೊಡ್ಡ ಧೈರ್ಯವನ್ನು ನಾವು ಕೊಡಲಾರೆವು.

ನೀರು ಬಿಡುವುದು ಈ ಬಿಸಿಲು ನಾಡಿನಲ್ಲಿ ಅಪಾಯ. ಮೂತ್ರ ಗಟ್ಟಿಯಾದಷ್ಟೂ ಮೂತ್ರಕೋಶ ಕೆರಳುತ್ತದೆ, ಅವಸರ ಹೆಚ್ಚುತ್ತದೆ, ಮಲಬದ್ಧತೆಯಾಗಿ ಮುಕ್ಕುವುದೂ ಹೆಚ್ಚುತ್ತದೆ. ಹೃದಯ, ಕಿಡ್ನಿ ತೊಂದರೆ ಇಲ್ಲದವರಿಗೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ ಓಡಾಡುವವರಿಗೆ ಇನ್ನೂ ಹೆಚ್ಚು. ಮಲಗುವ ಎರಡು ಮೂರು ತಾಸು ಮುಂಚೆ ಕಡಿಮೆ ಮಾಡಿದರೆ ಸಾಕು. ಕಡಿತ ಮಾಡಬೇಕಾದ್ದು ಚಹಾ, ಸಾರಾಯಿ. ಮಿರ್ಚಿ ಬಜ್ಜಿ ಕೆಲವರಿಗೆ ಉರಿ ಹೆಚ್ಚಿಸುತ್ತದೆ, ಅಂಥವರು ಕೆಲವು ವಾರ ಬಿಡಲಿ. ಜೋಳದ ರೊಟ್ಟಿ, ಪುಂಡಿಪಲ್ಯೆ, ಹೆಸರುಕಾಳು ಇದ್ದ ಮನೆಯಲ್ಲಿ ನಾರಿನಂಶಕ್ಕೆ ಕೊರತೆಯಿಲ್ಲ.

ಎಲ್ಲ ಸೋರಿಕೆಯೂ ಒಂದೇ ಅಲ್ಲ ಎಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆಶಾ ಕಾರ್ಯಕರ್ತೆಯರಿಗೂ ತಿಳಿಸುವುದು ಅಗತ್ಯ. ಕೆಮ್ಮಿದಾಗ, ಎದ್ದಾಗ ಸೋರಿದರೆ ಅದು ಸ್ನಾಯುವಿನ ದೌರ್ಬಲ್ಯ, ಅದಕ್ಕೆ ವ್ಯಾಯಾಮ. ತಡೆಯಲಾರದ ಅವಸರವಾಗಿ ಸೋರಿದರೆ ಅದು ಮೂತ್ರಕೋಶದ ಕೆರಳಿಕೆ, ಮೊದಲು ಸೋಂಕಿದೆಯೇ ನೋಡಿ ಆಮೇಲೆ ಗುಳಿಗೆ. ಧಾರೆ ದಾರದಷ್ಟು ಸಣ್ಣದಾಗಿ, ಮುಕ್ಕಿದರೂ ಪೂರ್ತಿ ಬಾರದೆ, ಹೊಟ್ಟೆ ಬಿಗಿದು ಹನಿಹನಿಯಾಗಿ ಸದಾ ಸೋರುತ್ತಿದ್ದರೆ ಅದು ತುಂಬಿ ಹೊರಚೆಲ್ಲುವ ಮೂತ್ರ. ಇದಕ್ಕೆ ವ್ಯಾಯಾಮ ಹೇಳಿ ಕಳಿಸಿದರೆ ಕಿಡ್ನಿಗೆ ಕುತ್ತು. ಸಕ್ಕರೆ ಕಾಯಿಲೆಯವರಲ್ಲಿ ಇದನ್ನು ವಿಶೇಷವಾಗಿ ನೋಡಬೇಕು. ಚಳಿಜ್ವರ, ರಕ್ತದ ಗಡ್ಡೆ, ಮೂತ್ರ ಕಟ್ಟುವುದು, ಈ ಮೂರರಲ್ಲಿ ಯಾವುದಿದ್ದರೂ ಅದೇ ದಿನ ಆಸ್ಪತ್ರೆ. ಆಗ ಕರೆಯಬೇಕಾದ ಫೋನ್ ನಂಬರು ಡಿಸ್ಚಾರ್ಜ್ ಚೀಟಿಯ ಮೇಲಿರಬೇಕು, ರಾತ್ರಿಯೂ ಯಾರಾದರೂ ಎತ್ತುವ ನಂಬರಾಗಿರಬೇಕು.

ಒಂದು ವರ್ಷ ಸರಿಯಾಗಿ ವ್ಯಾಯಾಮ ಮಾಡಿಯೂ ನಿಲ್ಲದವರಿಗೆ ದಾರಿ ಮುಗಿದಿಲ್ಲ. ಮೂತ್ರನಾಳಕ್ಕೆ ಆಸರೆ ಕೊಡುವ ಸ್ಲಿಂಗ್, ಕೆಳಗಿನ ಬಿಗಿತದ ಕೆಲಸ ಮಾಡುವ ಕೃತಕ ಸ್ಫಿಂಕ್ಟರ್ ಎಂಬ ಶಸ್ತ್ರಚಿಕಿತ್ಸೆಗಳಿವೆ. ಖರ್ಚು ದೊಡ್ಡದು, ಮಾಡುವ ಕೇಂದ್ರಗಳು ದೂರ. ಆದರೂ ಅವು ಇವೆ ಎಂದು ತಿಳಿಯುವ ಹಕ್ಕು ರೋಗಿಗಿದೆ. ‘ವಯಸ್ಸಾಯಿತು, ಸಹಿಸಿಕೊಳ್ಳಿ’ ಎಂದು ವಾಪಸ್ ಕಳಿಸುವುದು ವೈದ್ಯಕೀಯ ಸಲಹೆಯಲ್ಲ.

ಕೊನೆಗೆ ಹಣ ಮತ್ತು ದೂರದ ವಿಷಯ. ಕ್ಯಾನ್ಸರಿನ ಆಪರೇಷನ್ನಿಗೆ ಇಲ್ಲಿಂದ ಅನೇಕರು ಬೆಂಗಳೂರು, ಹೈದರಾಬಾದ್, ಹುಬ್ಬಳ್ಳಿಗೆ ಹೋಗುತ್ತಾರೆ. ಆಯುಷ್ಮಾನ್ ಭಾರತ್ ಪಿಎಂ-ಜೆಎವೈ ನಿಯಮದಂತೆ ಬಿಡುಗಡೆಯ ನಂತರದ 15 ದಿನಗಳ ಔಷಧಿ, ತಪಾಸಣೆಯ ಖರ್ಚು ಪ್ಯಾಕೇಜಿನೊಳಗೇ ಬರುತ್ತದೆ. ಪ್ರಾಸ್ಟೇಟ್ ಪೂರ್ತಿ ತೆಗೆದವರಿಗೆ ಪೈಪು ಹೊರಬರುವುದು ಹೆಚ್ಚುಕಡಿಮೆ ಆ 15 ದಿನ ಮುಗಿಯುವ ಹೊತ್ತಿಗೆ. ನಿಜವಾದ ಖರ್ಚು ಅಲ್ಲಿಂದ ಶುರು. ದಿನಕ್ಕೆ ನಾಲ್ಕೈದು ಪ್ಯಾಡ್ ಎಂದರೆ ಕೂಲಿ ಮಾಡುವ ಮನೆಗೆ ತಿಂಗಳಿಗೆ ಸಾವಿರಗಟ್ಟಲೆ ಹೊರೆ. ಹದಿಹರೆಯದ ಹುಡುಗಿಯರಿಗೆ ಶುಚಿ ಯೋಜನೆಯಲ್ಲಿ ಪ್ಯಾಡ್ ಕೊಡುವ ವ್ಯವಸ್ಥೆ ರಾಜ್ಯಕ್ಕೆ ಹೊಸದಲ್ಲ. ಆಪರೇಷನ್ ಆದ ಬಡ ಗಂಡಸರಿಗೆ ಮೊದಲ ಮೂರು ತಿಂಗಳ ಪ್ಯಾಡನ್ನು ಜಿಲ್ಲಾ ಆಸ್ಪತ್ರೆಯ ಔಷಧಾಲಯದಿಂದ ಕೊಡಲು ಪ್ರಸ್ತಾವ ಕಳಿಸಿ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವನ್ನೂ ಕೇಳಿ. ಎಲ್ಲಿ ಆಪರೇಷನ್ ಆಗಿದ್ದರೂ 6 ವಾರ, 3, 6 ಮತ್ತು 12 ತಿಂಗಳ ತಪಾಸಣೆಯನ್ನು ನಮ್ಮ ಜಿಲ್ಲಾ ಆಸ್ಪತ್ರೆಯಲ್ಲೇ ವಾರದ ಒಂದು ನಿಗದಿತ ದಿನ ಮಾಡುವಂತಾಗಲಿ. ಸೋರುವ ಮೈಯಲ್ಲಿ ರಾತ್ರಿಯಿಡೀ ಬಸ್ಸಿನಲ್ಲಿ ಕೂರುವುದು ಎಂಥ ಶಿಕ್ಷೆ ಎಂಬುದನ್ನು ಒಮ್ಮೆ ಯೋಚಿಸಿ.

ನಗರಸಭೆ, ಪಾಲಿಕೆ ಮತ್ತು ಸಾರಿಗೆ ನಿಗಮದವರಿಗೂ ನಿಮ್ಮ ಮೂಲಕ ಒಂದು ಮನವಿ. ಬಳಸಿದ ಡೈಪರು, ಸೋರಿಕೆಯ ಹಾಸು ಇವು 2016ರ ಘನತ್ಯಾಜ್ಯ ನಿಯಮಗಳಲ್ಲೇ ಸ್ಯಾನಿಟರಿ ತ್ಯಾಜ್ಯವೆಂದು ಹೆಸರಿಸಲ್ಪಟ್ಟಿದ್ದವು. ಆದರೂ ಗಂಡಸರ ಶೌಚಾಲಯದಲ್ಲಿ ಅದನ್ನು ಹಾಕಲು ಡಬ್ಬಿ ಇರುವುದಿಲ್ಲ. ಬಸ್ ನಿಲ್ದಾಣ, ಆಸ್ಪತ್ರೆ, ತಹಶೀಲ್ದಾರ್ ಕಚೇರಿಗಳ ಗಂಡಸರ ಶೌಚಾಲಯದಲ್ಲಿ ಬಾಗಿಲಿರುವ ಒಂದೊಂದು ಕೋಣೆಯೊಳಗೆ ಮುಚ್ಚಳದ ಡಬ್ಬಿ, ಪ್ಯಾಡ್ ಇಡಲು ಗೋಡೆಗೊಂದು ಹಲಗೆ, ಧೋತರ ನೇತುಹಾಕಲು ಮೊಳೆ ಬೇಕು. ಒದ್ದೆ ಪ್ಯಾಡನ್ನು ಕೈಚೀಲದಲ್ಲಿ ಹೊತ್ತು ತಿರುಗುವ ಸ್ಥಿತಿಯಿಂದಲೇ ಎಷ್ಟೋ ಜನ ಊರು ಬಿಟ್ಟು ಹೊರಡುವುದಿಲ್ಲ.

ತಿಳಿವಳಿಕೆ ಹಾಳೆಯ ಕರಡನ್ನು ಕನ್ನಡದಲ್ಲಿ, ಚಿತ್ರಗಳ ಸಮೇತ ಬರೆದುಕೊಡಲು ನಾವು ಸಿದ್ಧರಿದ್ದೇವೆ. ಉರ್ದು, ತೆಲುಗು ಓದುವವರಿಗಾಗಿಯೂ ಅದನ್ನು ಸಿದ್ಧಪಡಿಸಬಹುದು. ವಾರ್ಡಿನ ಸಿಬ್ಬಂದಿಗೆ ಒಂದು ದಿನದ ತರಬೇತಿಯನ್ನು ಶುಲ್ಕವಿಲ್ಲದೆ ನಡೆಸಿಕೊಡುತ್ತೇವೆ. ಮೂರು ಜಿಲ್ಲೆಗಳಲ್ಲಿ ಮೊದಲು ಯಾವ ಆಸ್ಪತ್ರೆ, ಯಾವ ದಿನ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಮನೆ ಆರೈಕೆಯ ಕೆಲಸ ಮಾಡುವ ನರ್ಸುಗಳು ಮತ್ತು ಫಿಸಿಯೋಥೆರಪಿಸ್ಟರು